ಸಾಕಷ್ಟು

ಮೇ ತಿಂಗಳು, ಹನ್ನೊಂದು ಗಂಟೆ, ಕರೆಂಟಿಲ್ಲ.
ಶಹಾಬಜಾರಿನ ನನ್ನ ಮನೆಯ ಕಟ್ಟೆಗೆ
ತಹಸೀನ್ ಬಂದು ಕೂತಿದ್ದಾಳೆ,
ಮೂವತ್ತನಾಲ್ಕು ವರ್ಷಗಳನ್ನು
ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡು:
ವೀಸಾದ ಬೆನ್ನಿಗೆ ವೀಸಾ, ಠಸ್ಸೆಯ ಮೇಲೆ ಠಸ್ಸೆ,
ಕರಾಚಿಯಿಂದ ಕಲಬುರಗಿಗೆ ಬಂದ ಮದುಮಗಳ
ಕಪ್ಪು ಬಿಳುಪು ಫೋಟೊ.
ಆ ಹುಡುಗಿ ನನ್ನತ್ತ ನೋಡುತ್ತಿಲ್ಲ.

'ಇಲ್ಲಿ ನಿಮ್ದೊಂದ್ ಸಹಿ ಬೇಕ್ರಿ, ಟೀಚರ್.'

ಅರ್ಜಿದಾರರಿಗೆ ಕನ್ನಡ ಭಾಷೆಯ
ಸಾಕಷ್ಟು ಜ್ಞಾನವಿದೆ ಎಂದು
ಈ ಮೂಲಕ ದೃಢೀಕರಿಸುತ್ತೇನೆ.

ಉರ್ದು ನಡೀತದಲ್ಲ, ಪಟ್ಟಿಯೊಳಗ ಅದೂ ಅದ, ಅಂದೆ.
'ನಡೀತದ್ರಿ. ಆದ್ರ ಅದು ಅಲ್ಲಿಂದ ತಂದಿ ಅಂತಾರ.
ಇದ್ ಎಲ್ಲಿಂದ ತರ್ಲಿ? ಇಲ್ಲೇ ಸಿಕ್ಕದ್ದು.'

ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ನಾನು.
ಮೂವತ್ತೈದಕ್ಕೆ ಪಾಸು ಎಂಬುದು ಗೊತ್ತು.
ಸಾಕಷ್ಟು ಎಂದರೆ ಎಷ್ಟು?

ಏನು ಕೇಳಲಿ? ಸಂಧಿಯೇ, ವಿಭಕ್ತಿಯೇ?
ಬಾಳೆ, ಬಾಲೆ ಎಂದು ಓದಿಸಲೇ?
ಅವಳ ಳಕಾರ ಇಂದಿಗೂ
ಲಕಾರದ ಬಾಡಿಗೆ ಮನೆಯಲ್ಲೇ ಇದೆ.
ಆದರೆ ಕಪನೂರಿನ ದಾಲ್ ಮಿಲ್ಲಿನಲ್ಲಿ
ಹದಿನೇಳು ವರ್ಷ ತೊಗರಿ ಹಸನು ಮಾಡಿದವಳು;
ಅವಳೇ ಪ್ರಶ್ನೆ ತೆಗೆದರೆ ನಾನು ಫೇಲು.
ಹೊಟ್ಟು ಬೇರೆ, ನುಚ್ಚು ಬೇರೆ, ಚುನ್ನಿ ಬೇರೆ.
ಎಷ್ಟು ಸಲ ಹಾಕಿದರೂ ಒಡೆಯದೆ
ಇಡಿಯಾಗಿ ಹೊರಬರುವ ಕಾಳಿಗೆ
ಅಲ್ಲಿನ ಹೆಂಗಸರು ಮೂಗಿ ಅನ್ನುತ್ತಾರಂತೆ.
'ಬಂದ ಹೊಸದ್ರಾಗ ನಾನೂ ಮೂಗೀನೇ ಇದ್ದೆ ರೀ,
ಒಂದ್ ಎರಡ್ ವರ್ಷ.'

ನಾನೂ ಇದ್ದೆ, ತಹಸೀನ್. ನಿನಗೆ ಹೇಳಿಲ್ಲ.
ಚಿಂಚೋಳಿ ಕಡೆಯ ತಾಂಡಾದಿಂದ
ಆರು ವರ್ಷದವಳು ಶಾಲೆಗೆ ಬಂದ ದಿನ
ಬಾಯಾರಿತ್ತು. ಪಾಣಿ ಅಂದೆ.
ಮಾಸ್ತರರು ಕೊಡದ ಮೇಲೆ ಕೈ ಮುಚ್ಚಿ ನಿಂತರು.
ನೀರು ಅನ್ನು. ನೀರು ಅಂದರೇ ನೀರು.
ಮಧ್ಯಾಹ್ನದ ತನಕ ಹಿಡಿಯಿತು.
ಕೆಟ್ಟವರಲ್ಲ, ತಮ್ಮ ಬುತ್ತಿಯ ರೊಟ್ಟಿಯನ್ನೇ
ನನಗೆ ಮುರಿದು ಕೊಟ್ಟವರು.
ಈಗಲೂ ಮೊದಲ ಗುಟುಕಿಗೆ ಮುಂಚೆ
ನನ್ನ ನಾಲಿಗೆ ಚಣಹೊತ್ತು ಪದ ಹುಡುಕುತ್ತದೆ.

ಮುಂದೆ ಬಿ.ಎಡ್.ಗೆಂದು ಮೈಸೂರಿಗೆ ಹೋಗಿ
'ಹೋಗಲತೀನಿ' ಅಂದಾಗ ಹಾಸ್ಟೆಲೇ ನಕ್ಕಿತ್ತು:
ನಿಮ್ಮದು ಯಾವ ಕನ್ನಡ, ಸೋನಾಬಾಯಿ?
ಯಾರ ಸಹಿ ತಂದು ತೋರಿಸಬೇಕಿತ್ತೋ ಆಗ.

ಪದ ಬಿಡಿಸಿ ನೋಡುವುದು ಹಳೆಯ ಚಾಳಿ.
ಸಾಕು, ಅಷ್ಟು.
ಸಾಕು ಎಂದರೆ ಇನ್ನು ಬೇಡ.
ಸಾಕು ಎಂದರೆ ತುತ್ತಿಟ್ಟು ದೊಡ್ಡದು ಮಾಡು.
ಒಂದೇ ಕಾಳು, ಎರಡು ಬೇಳೆ.
ಈ ಭಾಷೆ ಇವಳನ್ನು ಸಾಕಿತೋ,
ಮಿಲ್ಲಿನ ಧೂಳಿನಲ್ಲಿ ಕೂತು ಇವಳೇ
ಅದರ ನಾಲ್ಕು ಮಾತು ಸಾಕಿಕೊಂಡಳೋ,
ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಪೆನ್ನಿನ ಮಸಿ ಬಿಸಿಲಿಗೆ ಒಣಗಿತ್ತು.
ಅಂಗೈಗೆ ಗೀಚಿ ಗೀಚಿ ಬರಿಸಿದೆ.
ಸಹಿ. ನಿವೃತ್ತ ಸಹಶಿಕ್ಷಕಿ. ದಿನಾಂಕ.

'ಇನ್ನೊಬ್ರದೂ ಬೇಕ್ರಿ. ಅವ್ರು ಪರೀಕ್ಷಾ ಮಾಡಿದ್ರ?'
ಮೂಗಿ ಅಂದರೇನು ಅಂತ ನೀನೇ ಕೇಳು, ಅಂದೆ.
ನಕ್ಕಳು. ನಗು ಕೆಮ್ಮಾಯಿತು,
ಕೆಮ್ಮು ಬಿಡಲಿಲ್ಲ, ಹದಿನೇಳು ವರ್ಷದ ಧೂಳು.
ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿ
'ಜರಾ ಪಾನಿ' ಅಂದಳು.
ಅಂದವಳೇ ಬೆಚ್ಚಿ ನಾಲಿಗೆ ಕಚ್ಚಿ,
ನನ್ನ ಸಹಿಯ ಕಡೆ ನೋಡಿ, 'ನೀ...'

ಅಷ್ಟರಲ್ಲಿ ನಾನು ಎದ್ದಾಗಿತ್ತು.